ನನ್ನ ನೀರು, ನನ್ನ ನಿಮಿಷ

ಇಲ್ಫರ್ಡ್ ಕಂಪನಿಯ ಎಚ್‌ಪಿ-5 ಪ್ಲಸ್ ಫಿಲ್ಮನ್ನು ಅದೇ ಕಂಪನಿಯ ಐಡಿ-11 ಡೆವಲಪರ್‌ನಲ್ಲಿ, ನೀರು ಬೆರೆಸದೆ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ಹೊತ್ತು ಇಡಬೇಕು? ಏಳೂವರೆ ನಿಮಿಷ. ಡೆವಲಪರ್‌ಗೆ ಸಮಪಾಲು ನೀರು ಬೆರೆಸಿದರೆ 13 ನಿಮಿಷ. 400 ವೇಗದ ಆ ಫಿಲ್ಮನ್ನು 1600 ಎಂದು ಲೆಕ್ಕ ಹಿಡಿದು ಚಿತ್ರ ತೆಗೆದಿದ್ದರೆ, ನೀರು ಬೆರೆಸದ ಡೆವಲಪರ್‌ನಲ್ಲಿ 14 ನಿಮಿಷ. ಈ ಅಂಕಿಗಳು ನನಗೆ ಬಾಯಿಪಾಠ. ಇವು ತಪ್ಪು ಅಂಕಿಗಳೂ ಅಲ್ಲ. ಇವು ಮಾರ್ಗದರ್ಶನಕ್ಕೆ ಮಾತ್ರ ಎಂದು ಕಂಪನಿಯೇ ತನ್ನ ಮಾಹಿತಿ ಹಾಳೆಯಲ್ಲಿ ಹೇಳಿದೆ. ಆ ಸಾಲನ್ನು ನಾನು ಓದಿದ್ದೆ, ಓದಿ ಮುಂದೆ ಹೋಗಿದ್ದೆ. ಅದರಿಂದ ಕೆಟ್ಟದ್ದು ನನ್ನ ಕಾಗದ, ನನ್ನ ದುಡ್ಡು ಮಾತ್ರ ಆಗಿದ್ದರೆ ಬರೆಯುವ ಅಗತ್ಯವೇ ಇರಲಿಲ್ಲ. ನನ್ನನ್ನು ನಂಬಿ ಕ್ಯಾಮೆರಾದ ಮುಂದೆ ಕೂತವರ ಮುಖಗಳು ಕೆಟ್ಟವು.

ಫಿಲ್ಮಿನ ಮೇಲೆ ಬೆಳಕು ಬಿದ್ದ ಕ್ಷಣದಲ್ಲಿ ಕಣ್ಣಿಗೆ ಕಾಣುವಂಥದ್ದೇನೂ ಆಗುವುದಿಲ್ಲ. ಜೆಲಟಿನ್ ಪದರದೊಳಗಿನ ಬೆಳ್ಳಿ ಲವಣದ ಹರಳುಗಳಲ್ಲಿ ಬೆಳಕು ತಾಗಿದವು ಒಂದು ಗುರುತು ಪಡೆದಿರುತ್ತವೆ, ಅಷ್ಟೇ. ಆ ಗುರುತಿರುವ ಹರಳುಗಳನ್ನು ಕಪ್ಪು ಬೆಳ್ಳಿಯಾಗಿ ಮಾರ್ಪಡಿಸುವುದು ಡೆವಲಪರ್‌ನ ಕೆಲಸ. ಬೆಳಕು ಕಡಿಮೆ ಬಿದ್ದ ಜಾಗದಲ್ಲಿ, ಅಂದರೆ ನೆರಳಿನ ಭಾಗದಲ್ಲಿ, ಮಾರ್ಪಡಬೇಕಾದ ಹರಳುಗಳೇ ಕಡಿಮೆ. ಅವುಗಳ ಕೆಲಸ ಬಹುಪಾಲು ಮೊದಲ ಕೆಲವು ನಿಮಿಷಗಳಲ್ಲೇ ಮುಗಿಯುತ್ತದೆ. ಬೆಳಕು ಹೆಚ್ಚು ಬಿದ್ದ ಜಾಗದಲ್ಲಿ ಕೆಲಸ ನಡೆಯುತ್ತಲೇ ಇರುತ್ತದೆ, ಕಪ್ಪು ಗಟ್ಟಿಯಾಗುತ್ತಲೇ ಹೋಗುತ್ತದೆ. ಹೀಗಾಗಿ ಸಮಯ ಹೆಚ್ಚಿಸಿದಾಗ ನೆಗೆಟಿವ್ ಎಲ್ಲ ಕಡೆ ಒಂದೇ ಸಮ ಕಪ್ಪಾಗುವುದಿಲ್ಲ. ನೆರಳು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ಬೆಳಕಿನ ಭಾಗ ಮಾತ್ರ ಏರುತ್ತ ಹೋಗುತ್ತದೆ. ಎರಡರ ನಡುವಿನ ಅಂತರ ಪ್ರಿಂಟಿನ ಕಾಗದಕ್ಕೆ ಹಿಡಿಸುವಷ್ಟು ಇರುವಾಗಲೇ ಡೆವಲಪರ್ ಚೆಲ್ಲಿಬಿಡಬೇಕು. ಸರಿಯಾದ ಸಮಯ ಎಂದರೆ ಅದೇ.

ಇದನ್ನು ಮೊದಲು ಅಳೆದು ತೋರಿಸಿದವರು ಇಂಗ್ಲೆಂಡಿನ ವಿಡ್ನೆಸ್ ಊರಿನ ಇಬ್ಬರು, ಫರ್ಡಿನಾಂಡ್ ಹರ್ಟರ್ ಮತ್ತು ವಿರೊ ಚಾರ್ಲ್ಸ್ ಡ್ರಿಫೀಲ್ಡ್. ಬಿದ್ದ ಬೆಳಕಿಗೂ ಮೂಡಿದ ಕಪ್ಪಿಗೂ ಇರುವ ಸಂಬಂಧವನ್ನು ಅವರು 1890ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಗೆರೆಯಾಗಿ ಎಳೆದು ತೋರಿಸಿದರು. ಡೆವಲಪರ್‌ನಲ್ಲಿ ಫಿಲ್ಮ್ ಹೆಚ್ಚು ಹೊತ್ತು ಇದ್ದಷ್ಟೂ ಆ ಗೆರೆ ಕಡಿದಾಗಿ ಏಳುತ್ತದೆ. ನೂರು ವರ್ಷಕ್ಕೂ ಹಳೆಯದಾದ ಆ ಗೆರೆಯನ್ನು ನಾನು ಪುಸ್ತಕದಲ್ಲಿ ನೋಡಿದ್ದೆ. ಅದು ನನ್ನ ಮನೆಯ ಬಚ್ಚಲಲ್ಲಿ ಕೂತಿರುವ ಟ್ಯಾಂಕಿನೊಳಗೂ ಏಳುತ್ತಿದೆ ಎಂದು ಮಾತ್ರ ತಿಳಿದಿರಲಿಲ್ಲ.

ನಾನು ಫಿಲ್ಮ್ ತೊಳೆಯಲು ಕಲಿತದ್ದು ಧಾರವಾಡದಲ್ಲಿ, ಒಬ್ಬನೇ, ಪುಸ್ತಕ ನೋಡಿಕೊಂಡು. ಛಾಯಾಗ್ರಾಹಕ ಟಿ. ಎಸ್. ಸತ್ಯನ್ ಅವರ ಕಪ್ಪುಬಿಳುಪು ಚಿತ್ರಗಳನ್ನು ನೋಡುತ್ತ ಬೆಳೆದವನಿಗೆ ಮನುಷ್ಯರ ಮುಖಗಳನ್ನು ಹಾಗೆ ಹಿಡಿಯಬೇಕೆಂಬ ಹಂಬಲವಿತ್ತು. ಒಂದು ಹಳೆಯ ಕಂಡೆನ್ಸರ್ ಎನ್‌ಲಾರ್ಜರ್ ಸಿಕ್ಕಿತು. ಕತ್ತಲೆ ಚೀಲ, ಟ್ಯಾಂಕು, ಅಳತೆಯ ಜಾರುಗಳು, ಸ್ಪಿರಿಟ್ ತುಂಬಿದ ಒಂದು ಥರ್ಮಾಮೀಟರು ಬಂದವು. ನೆಗೆಟಿವ್‌ಗಳೂ ಬಂದವು. ಆದರೆ ಪ್ರಿಂಟು ಮಾಡುವಾಗ ಪ್ರತಿ ಸಲವೂ ಕಾಗದದ ಅತಿ ಮೃದು, ಅಂದರೆ ಕಾಂಟ್ರಾಸ್ಟ್ ಅತಿ ಕಡಿಮೆಯ, ಗ್ರೇಡಿಗೇ ಇಳಿಯಬೇಕಾಗುತ್ತಿತ್ತು. ಎರಡು ಅಥವಾ ಮೂರನೆಯ ಗ್ರೇಡಿನಲ್ಲಿ ಸಲೀಸಾಗಿ ಬರಬೇಕಾದ ಚಿತ್ರ ಸೊನ್ನೆ ಅಥವಾ ಒಂದನೆಯ ಗ್ರೇಡಿನಲ್ಲೂ ಒರಟಾಗಿಯೇ ಬರುತ್ತಿತ್ತು. ನಮ್ಮ ಬಯಲುಸೀಮೆಯ ಬಿಸಿಲೇ ಹೀಗೆ ಎಂದುಕೊಂಡೆ. ಕಾಗದ ಹಳೆಯದಿರಬೇಕು ಎಂದೂ ಅಂದುಕೊಂಡೆ. ನೆಗೆಟಿವನ್ನು ಅನುಮಾನಿಸಲಿಲ್ಲ, ಏಕೆಂದರೆ ಅದನ್ನು ಹಾಳೆಯಲ್ಲಿ ಅಚ್ಚಾಗಿರುವಷ್ಟೇ ನಿಮಿಷ ತೊಳೆದಿದ್ದೆ.

ಬನದ ಹುಣ್ಣಿಮೆಗೆ ಬಾದಾಮಿಯ ಹತ್ತಿರದ ಬನಶಂಕರಿ ಜಾತ್ರೆ. ತೇರು, ಹೊಂಡ, ಅಂಗಡಿ ಸಾಲು ಎಲ್ಲವೂ ಉಂಟು. ಆದರೆ ಈ ಜಾತ್ರೆಯನ್ನು ಬೇರೆ ಜಾತ್ರೆಗಳಿಂದ ಬೇರೆಯಾಗಿಸುವುದು ನಾಟಕ ಕಂಪನಿಗಳು. ಉತ್ತರ ಕರ್ನಾಟಕದ ವೃತ್ತಿ ಕಂಪನಿಗಳು ಇಲ್ಲಿ ಒಂದರ ಪಕ್ಕ ಒಂದು ಥಿಯೇಟರು ಹಾಕುತ್ತವೆ. ದಿನಕ್ಕೆ ಒಂದಕ್ಕಿಂತ ಹೆಚ್ಚು ಆಟ ಆಡುತ್ತವೆ, ರಾತ್ರಿಯಿಡೀ ಜನ ಸೇರುತ್ತಾರೆ. ವರ್ಷದ ಉಳಿದ ಕ್ಯಾಂಪುಗಳ ನಷ್ಟವನ್ನು ಇಲ್ಲಿ ತುಂಬಿಕೊಳ್ಳುವ ಆಸೆ ಕಂಪನಿಯವರಿಗೆ ಇರುತ್ತದೆ. ನನಗೆ ವೇದಿಕೆ ಬೇಕಿರಲಿಲ್ಲ. ಪರದೆಯ ಹಿಂದೆ, ತಗಡಿನ ಟ್ರಂಕುಗಳ ನಡುವೆ, ಕನ್ನಡಿಯ ಮುಂದೆ ಬಣ್ಣ ಹಚ್ಚಿಕೊಳ್ಳುವ ಹೊತ್ತು ಬೇಕಿತ್ತು.

ಅಲ್ಲಿ ಒಬ್ಬರು ಹಿರಿಯ ಕಲಾವಿದೆ ಇದ್ದರು. ಚಿಕ್ಕಂದಿನಿಂದ ಕಂಪನಿಯಲ್ಲೇ ಬೆಳೆದವರು, ಈಗ ತಾಯಿಯ, ಅತ್ತೆಯ ಪಾತ್ರ ಮಾಡುತ್ತಿದ್ದರು. ಕನ್ನಡಿಯ ಮೇಲೆ ನೇತಾಡುವ ಒಂದು ಬಲ್ಬು. ಅದರ ಕೆಳಗೆ ಅವರು ಅವಸರವಿಲ್ಲದೆ ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಕಣ್ಣಿನ ಕೆಳಗಿನ ಸುಕ್ಕುಗಳನ್ನು ಬೆರಳಿನ ತುದಿಯಿಂದ ಒತ್ತಿ ಸಮ ಮಾಡಿದರು. ನಂತರ ಆಡಬೇಕಾದ ಪಾತ್ರ ಮುದುಕಿಯದು ಎಂದು ನೆನಪಾಗಿ, ಕಪ್ಪು ಪೆನ್ಸಿಲಿನಲ್ಲಿ ಬೇರೆಯೇ ಸುಕ್ಕುಗಳನ್ನು ಬರೆದುಕೊಂಡರು. ತನ್ನ ಸುಕ್ಕು ಅಳಿಸಿ ಪಾತ್ರದ ಸುಕ್ಕು ಬರೆದುಕೊಳ್ಳುವ ಆ ಗಳಿಗೆಯನ್ನು ನಾನು ಬಹಳ ಹತ್ತಿರದಿಂದ ತೆಗೆದೆ. ಹೊರಡುವಾಗ ಅವರು ಹೇಳಿದ್ದು ಇಷ್ಟು: “ಫೋಟೋ ಕಳಸ್ರಿ ಮತ್ತ. ಎಲ್ಲಾರೂ ತಗೀತಾರ, ಯಾರೂ ಕಳಸೂದಿಲ್ಲ.” ಕಳಿಸುತ್ತೇನೆ ಅಕ್ಕಾ, ಎಂದು ಮಾತು ಕೊಟ್ಟೆ.

ಒಳಗೆ ಕತ್ತಲು ಎಂಬ ಕಾರಣಕ್ಕೆ ಫಿಲ್ಮಿನ ವೇಗವನ್ನು 1600 ಎಂದು ಇಟ್ಟಿದ್ದೆ. ಇದಕ್ಕೆ ಪುಶ್ ಮಾಡುವುದು ಎನ್ನುತ್ತಾರೆ. ಕಡಿಮೆ ಬೆಳಕು ಕೊಟ್ಟು, ಆ ಕೊರತೆಯನ್ನು ಡೆವಲಪ್ ಸಮಯ ಹೆಚ್ಚಿಸಿ ತುಂಬಿಸಿಕೊಳ್ಳುವ ಉಪಾಯ ಅದು. ತುಂಬಿಸಿಕೊಳ್ಳುವುದು ಪೂರ್ತಿ ಸಾಧ್ಯವಿಲ್ಲ. ನೆರಳಿನಲ್ಲಿ ದಾಖಲಾಗದ್ದು ಎಷ್ಟು ಹೊತ್ತು ತೊಳೆದರೂ ಬರುವುದಿಲ್ಲ, ಬೆಳಕಿದ್ದ ಭಾಗ ಮಾತ್ರ ಏರುತ್ತದೆ. ಮಂಕು ಮೋಡದ ದಿನ ಎಲ್ಲ ಕಡೆ ಒಂದೇ ಸಮ ಬೆಳಕಿದ್ದಾಗ ಈ ಉಪಾಯ ಹೊಂದುತ್ತದೆ. ಆ ಟೆಂಟಿನೊಳಗೆ ಇದ್ದದ್ದು ಬೇರೆ ಸ್ಥಿತಿ. ಮುಖದ ಒಂದು ಅಡಿ ದೂರದಲ್ಲಿ ಬರಿಯ ಬಲ್ಬು, ಹಿಂದೆ ಕಗ್ಗತ್ತಲು. ಕ್ಯಾಮೆರಾದ ಮೀಟರು ಕತ್ತಲನ್ನೂ ಸೇರಿಸಿ ಸರಾಸರಿ ತೆಗೆದು, ಬೆಳಕು ಬಹಳ ಕಡಿಮೆ ಎಂದು ಹೇಳಿತು. ನಾನು ಅದರ ಮಾತಿನಂತೆ ನಡೆದೆ. ಹಾಗಾಗಿ ನಾನು 1600 ಎಂದುಕೊಂಡರೂ ಮುಖದ ಮೇಲೆ ಮಾತ್ರ 400ಕ್ಕೆ ಸಾಕಾಗುವಷ್ಟು ಬೆಳಕು ಬಿದ್ದಿತ್ತು. ಆ ಮುಖಗಳಿಗೆ ಬೇಕಿದ್ದದ್ದು ಮಾಮೂಲಿಗಿಂತಲೂ ಕಡಿಮೆ ಸಮಯ. ನಾನು ಕೊಟ್ಟದ್ದು 14 ನಿಮಿಷ.

ಕೊಟ್ಟದ್ದು 14 ನಿಮಿಷವೂ ಅಲ್ಲ ಎಂಬುದು ಆಮೇಲೆ ತಿಳಿಯಿತು. ಅದಕ್ಕೆ ಬರುತ್ತೇನೆ.

ತೊಳೆದು ಒಣಹಾಕಿದ ನೆಗೆಟಿವ್‌ಗಳನ್ನು ದೀಪಕ್ಕೆ ಹಿಡಿದಾಗ ನನಗೆ ಸಂತೋಷವಾಯಿತು. ಇದನ್ನು ಹೇಳಲೇಬೇಕು, ಏಕೆಂದರೆ ಹೊಸದಾಗಿ ಕಲಿಯುವವರಲ್ಲಿ ಈ ಸಂತೋಷವನ್ನು ನಾನು ಈಗಲೂ ನೋಡುತ್ತೇನೆ. ತೆಳು ನೆಗೆಟಿವ್ ಕಂಡರೆ ಎದೆ ಕುಸಿಯುತ್ತದೆ, ಏನೋ ತಪ್ಪಿದೆ ಎಂದು ಕೂಡಲೇ ಗೊತ್ತಾಗುತ್ತದೆ. ಗಟ್ಟಿ ಕಪ್ಪು ನೆಗೆಟಿವ್ ಕಂಡರೆ ಎಲ್ಲವೂ ಬಂದಿದೆ, ತುಂಬಿ ಬಂದಿದೆ ಎನಿಸುತ್ತದೆ. ನಿಜದಲ್ಲಿ ಕಪ್ಪಿನೊಳಗೆ ಕಪ್ಪು ಸೇರಿ ವಿವರ ಮುಚ್ಚಿಹೋಗಿರುತ್ತದೆ. ಪ್ರಿಂಟಿನ ಟ್ರೇಯಲ್ಲಿ ಆ ಹಿರಿಯರ ಮುಖ ಸುಣ್ಣ ಬಳಿದ ಗೋಡೆಯಂತೆ ಬಂತು. ಅಳಿಸಿದ ಸುಕ್ಕೂ ಇಲ್ಲ, ಬರೆದ ಸುಕ್ಕೂ ಅರ್ಧ. ಹಿಂದಿನ ಟ್ರಂಕುಗಳಿದ್ದಲ್ಲಿ ಬರಿ ಕಪ್ಪು. ಹೆಚ್ಚು ಹೊತ್ತು ಬೆಳಕು ಕೊಟ್ಟರೆ ಮುಖ ಬೂದಿ ಬಣ್ಣಕ್ಕೆ ತಿರುಗಿತು, ಚರ್ಮ ಮಾತ್ರ ಕಾಣಲಿಲ್ಲ.

ಆಗ ಅವಸರದಲ್ಲಿ ಎರಡನೆಯ ತಪ್ಪು ಮಾಡಿದೆ. ನೆಗೆಟಿವ್‌ನ ಕಪ್ಪನ್ನು ಕರಗಿಸುವ ಒಂದು ಹಳೆಯ ದ್ರಾವಣವಿದೆ. ಪೊಟ್ಯಾಶಿಯಂ ಫೆರಿಸಯನೈಡನ್ನು, ಡೆವಲಪ್ ಆದ ಫಿಲ್ಮನ್ನು ಸ್ಥಿರಗೊಳಿಸುವ ಹೈಪೋ ಜೊತೆ ಸೇರಿಸಿ ಮಾಡುವುದು. ಹೋವರ್ಡ್ ಫಾರ್ಮರ್ 1883ರಲ್ಲಿ ತಿಳಿಸಿಕೊಟ್ಟದ್ದರಿಂದ ಅದಕ್ಕೆ ಫಾರ್ಮರ್ಸ್ ರೆಡ್ಯೂಸರ್ ಎಂದೇ ಹೆಸರು. ಎರಡನ್ನೂ ಒಂದೇ ಪಾತ್ರೆಯಲ್ಲಿ ಬೆರೆಸಿ ಬಳಸಿದರೆ ಅದು ಎಲ್ಲ ಕಡೆಯಿಂದ ಹೆಚ್ಚುಕಡಿಮೆ ಒಂದೇ ಅಳತೆಯ ಬೆಳ್ಳಿ ತೆಗೆಯುತ್ತದೆ. ಗಟ್ಟಿ ಭಾಗಕ್ಕೆ ಆ ನಷ್ಟ ಅಲ್ಪ, ತೆಳುವಾದ ನೆರಳಿಗೆ ಅದೇ ಸರ್ವಸ್ವ. ಹೆಚ್ಚು ಬೆಳಕು ಬಿದ್ದು ಮಬ್ಬಾದ ನೆಗೆಟಿವ್‌ಗೆ ಅದು ಮದ್ದು. ಹೆಚ್ಚು ಹೊತ್ತು ತೊಳೆದು ಕೆಟ್ಟ ನೆಗೆಟಿವ್‌ಗೆ ಬೇಕಾದದ್ದು ಗಟ್ಟಿ ಭಾಗದಿಂದ ಹೆಚ್ಚು ತೆಗೆಯುವ ವಿಧಾನ. ಫೆರಿಸಯನೈಡ್ ಒಂದು ಪಾತ್ರೆಯಲ್ಲಿ, ಹೈಪೋ ಇನ್ನೊಂದರಲ್ಲಿ ಇಟ್ಟು ಎರಡು ಹಂತದಲ್ಲಿ ಮಾಡಿದ್ದರೂ ಸ್ವಲ್ಪ ಉಳಿಯುತ್ತಿತ್ತು. ನಾನು ಓದದೆ, ಕೇಳದೆ, ಒಂದೇ ಪಾತ್ರೆಯಲ್ಲಿ ಮಾಡಿದೆ. ನೋಡನೋಡುತ್ತಿದ್ದಂತೆ ಕನ್ನಡಿಯ ಅಂಚು, ಸೀರೆಯ ಮಡಿಕೆ, ಕಿವಿಯ ಹಿಂದಿನ ಕೂದಲು ತೊಳೆದುಹೋದವು. ಎಲ್ಲಕ್ಕಿಂತ ಒಳ್ಳೆಯ ಚೌಕಟ್ಟುಗಳನ್ನೇ ಮೊದಲು ಆರಿಸಿಕೊಂಡಿದ್ದೆ.

ಉಳಿದ ನೆಗೆಟಿವ್‌ಗಳನ್ನು ಹಿಡಿದುಕೊಂಡು ಊರಿನ ಒಂದು ಹಳೆಯ ಸ್ಟುಡಿಯೋದ ಯಜಮಾನರ ಹತ್ತಿರ ಹೋದೆ. ಪಾಸ್‌ಪೋರ್ಟ್ ಫೋಟೋದಿಂದ ಮದುವೆ ಆಲ್ಬಮ್‌ವರೆಗೆ ಕಪ್ಪುಬಿಳುಪಿನ ಕಾಲವನ್ನೆಲ್ಲ ಕತ್ತಲೆ ಕೋಣೆಯಲ್ಲಿ ಕಳೆದವರು. ಅವರು ನೆಗೆಟಿವನ್ನು ದೀಪಕ್ಕೆ ಹಿಡಿಯಲಿಲ್ಲ. ಮೇಜಿನ ಮೇಲಿದ್ದ ‘ಸಂಯುಕ್ತ ಕರ್ನಾಟಕ’ವನ್ನು ಬಿಡಿಸಿ, ಕಿಟಕಿಯ ಬೆಳಕಿನಲ್ಲಿ ಅದರ ಅಕ್ಷರಗಳ ಮೇಲೆ ನೆಗೆಟಿವ್ ಇಟ್ಟರು.

“ಇಲ್ಲಿ ಮುಖದ ಮ್ಯಾಲೆ ಅಕ್ಷರ ಓದಾಕ ಬರತದೇನು ತಮ್ಮಾ?”

ಬರುವುದಿಲ್ಲ ಕಾಕಾ, ಎಂದೆ.

“ಗಟ್ಟಿ ಇದ್ದಲ್ಲೆ ಅಕ್ಷರ ಮಸಕ ಮಸಕ ಆದ್ರೂ ಕಾಣಬೇಕು. ಕಾಣಲಿಲ್ಲ ಅಂದ್ರ ಎನ್‌ಲಾರ್ಜರ್ ಬೆಳಕೂ ದಾಟೂದಿಲ್ಲ. ನಿನ್ನೂ ಬಾಳ ಹಾರ್ಡ್ ಬಂದಾವ. ಎಷ್ಟು ನಿಮಿಷ ಹಾಕಿದ್ದಿ?”

ಹಾಳೆಯಲ್ಲಿದ್ದಷ್ಟೇ, ಎಂದೆ. ಅವರು ಬೈಯಲಿಲ್ಲ. ಥರ್ಮಾಮೀಟರು ತಗೊಂಡು ಬಾ, ಎಂದರು.

ಗಾಜಿನ ಲೋಟದಲ್ಲಿ ಮಂಜುಗಡ್ಡೆ ಪುಡಿ ಮಾಡಿ ಹಾಕಿ, ಸ್ವಲ್ಪ ನೀರು ಸೇರಿಸಿ, ನನ್ನ ಥರ್ಮಾಮೀಟರನ್ನು ಅದರಲ್ಲಿ ಇಳಿಬಿಟ್ಟರು. ಕರಗುವ ಮಂಜು ಸೊನ್ನೆ ತೋರಿಸಬೇಕು. ನನ್ನದು ಸೊನ್ನೆಯ ಗೆರೆ ದಾಟಿ ಕೆಳಗೆ, ಸುಮಾರು ಮೂರು ಡಿಗ್ರಿ ಇಳಿದು ನಿಂತಿತು. ಓರೆ ಮಾಡಿ ನೋಡಿದಾಗ ಕೊಳವೆಯ ತುತ್ತತುದಿಯಲ್ಲಿ ಒಂದು ತುಣುಕು ಕೆಂಪು ಸ್ಪಿರಿಟ್ ಅಂಟಿ ಕೂತಿತ್ತು. ಎಂದೋ ಅಲುಗಾಡಿಸಿದಾಗ ಎಳೆ ತುಂಡಾಗಿ ಮೇಲೆ ಹೋಗಿ ಸಿಕ್ಕಿಕೊಂಡದ್ದು. ಅಷ್ಟು ಸ್ಪಿರಿಟ್ ಕಡಿಮೆಯಾದ್ದರಿಂದ ಕೆಳಗಿನ ಎಳೆ ಯಾವಾಗಲೂ ಮೂರು ಡಿಗ್ರಿ ಕಡಿಮೆಯೇ ಹೇಳುತ್ತಿತ್ತು. ನಾನು 20 ಎಂದುಕೊಂಡದ್ದೆಲ್ಲ 23 ಆಗಿತ್ತು.

ಮೂರು ಡಿಗ್ರಿ ಎಂದರೆ ಏನು ಮಹಾ ಎನಿಸಬಹುದು. ಇಲ್ಫರ್ಡ್‌ನ ಹಾಳೆಯಲ್ಲೇ ಇರುವ ಉದಾಹರಣೆ ನೋಡಿ: 20 ಡಿಗ್ರಿಯಲ್ಲಿ 4 ನಿಮಿಷದ ಕೆಲಸ 23 ಡಿಗ್ರಿಯಲ್ಲಿ 3 ನಿಮಿಷಕ್ಕೆ ಮುಗಿಯುತ್ತದೆ, 16 ಡಿಗ್ರಿಯಲ್ಲಿ 6 ನಿಮಿಷ ಬೇಡುತ್ತದೆ. ಅಂದರೆ 23ರಲ್ಲಿ ನಾನು ಕೊಟ್ಟ 14 ನಿಮಿಷ, 20 ಡಿಗ್ರಿಯ ಲೆಕ್ಕದಲ್ಲಿ ಸುಮಾರು ಹದಿನೆಂಟೂವರೆ ನಿಮಿಷಕ್ಕೆ ಸಮ. ಏಳೂವರೆಗಿಂತ ಕಡಿಮೆ ಸಾಕಾಗಿದ್ದ ಮುಖಗಳಿಗೆ ಅಷ್ಟು. ಸಾಲದ್ದಕ್ಕೆ ಟ್ಯಾಂಕನ್ನು ಅಲುಗಿಸುವುದರಲ್ಲೂ ನನ್ನ ಕೈ ಜೋರು. ಹಾಳೆ ಹೇಳುವುದು ಮೊದಲ ಹತ್ತು ಸೆಕೆಂಡಿನಲ್ಲಿ ನಾಲ್ಕು ಸಲ ತಲೆಕೆಳಗೆ ಮಾಡಿ, ಮತ್ತೆ ಪ್ರತಿ ನಿಮಿಷದ ಮೊದಲ ಹತ್ತು ಸೆಕೆಂಡಿನಲ್ಲಿ ನಾಲ್ಕು ಸಲ ಎಂದು. ನಾನು ಕೈ ಸುಮ್ಮನಿರದೆ ಅಲುಗಿಸುತ್ತಲೇ ಇದ್ದೆ. ಹೆಚ್ಚು ಬೆಳಕು ಬಿದ್ದ ಜಾಗದಲ್ಲಿ ಡೆವಲಪರ್ ಬೇಗ ಸೋಲುತ್ತದೆ, ಅಲುಗಿಸಿದಾಗಲೆಲ್ಲ ಅಲ್ಲಿಗೆ ಹೊಸದು ಬಂದು ಸೇರುತ್ತದೆ, ಕಪ್ಪು ಇನ್ನಷ್ಟು ಏರುತ್ತದೆ. ಇಷ್ಟರ ಮೇಲೆ ನನ್ನದು ಕಂಡೆನ್ಸರ್ ಎನ್‌ಲಾರ್ಜರ್. ಬೆಳಕನ್ನು ಚದುರಿಸಿ ಕೊಡುವ ಎನ್‌ಲಾರ್ಜರ್‌ಗಿಂತ ಅದರಲ್ಲಿ ಪ್ರಿಂಟು ಒರಟು ಬರುತ್ತದೆ, ಅದಕ್ಕೆ ಮೃದು ನೆಗೆಟಿವ್ ಬೇಕು. ಎಲ್ಲ ತಪ್ಪೂ ಒಂದೇ ದಿಕ್ಕಿಗೆ ವಾಲಿದ್ದವು.

ಥರ್ಮಾಮೀಟರಿನ ಮೇಲೆ ಹೊರಿಸಿ ಹಗುರಾಗಬಹುದಿತ್ತು. ಆದರೆ ಅದು ಸುಳ್ಳು ಹೇಳುತ್ತಿದೆ ಎಂದು ನನ್ನ ಪ್ರಿಂಟುಗಳು ಬಹಳ ದಿನಗಳಿಂದ ಹೇಳುತ್ತಿದ್ದವು. ಪ್ರತಿ ಸಲ ಮೃದು ಗ್ರೇಡಿಗೆ ಇಳಿಯಬೇಕಾದಾಗಲೇ ಸಮಯ ಕಡಿಮೆ ಮಾಡಿ ನೋಡಬೇಕಿತ್ತು. ಕಾರಣ ಗೊತ್ತಿಲ್ಲದಿದ್ದರೂ ಪರಿಹಾರ ಕೈಯಲ್ಲೇ ಇತ್ತು. ಅಚ್ಚಾದ ಅಂಕಿಗೆ ಕೊಟ್ಟ ಮರ್ಯಾದೆಯನ್ನು ನನ್ನ ಕಣ್ಣಿಗೆ ಕೊಡಲಿಲ್ಲ. ಆ ಅಂಕಿಯನ್ನು ಕಂಡುಹಿಡಿದವರು ತಮ್ಮ ಪ್ರಯೋಗಾಲಯದ ಥರ್ಮಾಮೀಟರು, ತಮ್ಮ ಕೈಯ ಅಲುಗಾಟ, ತಮ್ಮ ಅಳತೆಯ ಕಾಂಟ್ರಾಸ್ಟ್ ಇಟ್ಟುಕೊಂಡು ಕಂಡುಹಿಡಿದಿರುತ್ತಾರೆ. ಅದು ನನ್ನ ಬಚ್ಚಲಿನಲ್ಲೂ ಹಾಗೇ ನಡೆಯಬೇಕೆಂದು ಅವರೇ ಹೇಳಿರಲಿಲ್ಲ.

ಸಮಯ ಹುಡುಕುವ ಕೆಲಸವನ್ನು ಕಾಕಾ ಹೇಳಿದಂತೆಯೇ ಮಾಡಿದೆ. ಗರಗದ ಖಾದಿಯ ಒಂದು ದಪ್ಪ ಬಿಳಿ ಟವೆಲು, ಒಂದು ಕರಿ ಕಂಬಳಿ. ಧಾರವಾಡದ ಪಕ್ಕದ ಆ ಗರಗದಲ್ಲೇ ರಾಷ್ಟ್ರಧ್ವಜದ ಖಾದಿ ನೇಯುತ್ತಾರೆ. ಎಳೆ ಎದ್ದು ಕಾಣುವ ಬಟ್ಟೆ, ಪರೀಕ್ಷೆಗೆ ಇದಕ್ಕಿಂತ ಒಳ್ಳೆಯದು ಸಿಗಲಾರದು. ಎರಡನ್ನೂ ಅಂಗಳದ ಬೆಳಕಿನಲ್ಲಿ ಪಕ್ಕಪಕ್ಕ ನೇತುಹಾಕಿ, ಒಂದೇ ಎಕ್ಸ್‌ಪೋಷರಿನಲ್ಲಿ ರೋಲ್ ಪೂರ್ತಿ ತೆಗೆದೆ. ಕತ್ತಲೆಯಲ್ಲಿ ಅದನ್ನು ಮೂರು ತುಂಡು ಮಾಡಿ, ಸಮಪಾಲು ನೀರು ಬೆರೆಸಿದ ಐಡಿ-11ರಲ್ಲಿ, ಹೊಸ ಥರ್ಮಾಮೀಟರಿನ 20 ಡಿಗ್ರಿಯಲ್ಲಿ, ಒಂದನ್ನು 13 ನಿಮಿಷ, ಒಂದನ್ನು 11, ಒಂದನ್ನು 9 ನಿಮಿಷ ತೊಳೆದೆ. ನೀರು ಬೆರೆಸಿದ್ದಕ್ಕೆ ಕಾರಣವಿದೆ. ಏಳೂವರೆ ನಿಮಿಷದಲ್ಲಿ ಅರ್ಧ ನಿಮಿಷ ತಪ್ಪಿದರೂ ದೊಡ್ಡ ವ್ಯತ್ಯಾಸ, ಸಮಯ ಉದ್ದವಾದಷ್ಟೂ ಹಿಡಿತ ಹೆಚ್ಚು.

ನೋಡುವ ಕ್ರಮ ಮುಖ್ಯ. ಮೊದಲು ಫಿಲ್ಮಿನ ಖಾಲಿ ಅಂಚನ್ನು, ಏನೂ ಚಿತ್ರವಿಲ್ಲದ ಜಾಗವನ್ನು, ಎನ್‌ಲಾರ್ಜರ್‌ನಲ್ಲಿಟ್ಟು ಎರಡನೆಯ ಗ್ರೇಡಿನ ಕಾಗದದ ಮೇಲೆ ಸೆಕೆಂಡುಗಳನ್ನು ಏರಿಸುತ್ತ ಹೋಗಬೇಕು. ಕಾಗದ ಇನ್ನು ಹೆಚ್ಚು ಕಪ್ಪಾಗಲಾರದು ಎಂಬ ಮೊದಲ ಸೆಕೆಂಡೇ ಪ್ರಿಂಟಿನ ಸಮಯ. ಅದನ್ನು ಬದಲಿಸದೆ ಮೂರೂ ತುಂಡುಗಳನ್ನು ಪ್ರಿಂಟು ಮಾಡಬೇಕು. ಕಂಬಳಿಯಲ್ಲಿ ಉಣ್ಣೆಯ ಎಳೆ ಕಾಣದಿದ್ದರೆ ಬೆಳಕು ಸಾಲದು. ಅದು ಕ್ಯಾಮೆರಾದಲ್ಲಿ ಸರಿಪಡಿಸುವ ವಿಷಯ, ಡೆವಲಪರ್‌ಗೆ ಸಂಬಂಧವಿಲ್ಲ. ಕಂಬಳಿ ಸರಿಯಿದ್ದು ಟವೆಲಿನ ನೇಯ್ಗೆ ಕಾಣದೆ ಬರಿ ಕಾಗದದ ಬಿಳಿ ಉಳಿದರೆ ಸಮಯ ಹೆಚ್ಚಾಯಿತು. ಟವೆಲು ಬೂದಿಯಾಗಿ ಮಂಕಾದರೆ ಕಡಿಮೆಯಾಯಿತು. ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1939–40ರಲ್ಲಿ ಲಾಸ್ ಏಂಜಲೀಸ್‌ನ ಆರ್ಟ್ ಸೆಂಟರ್ ಶಾಲೆಯಲ್ಲಿ ಕಲಿಸುತ್ತ ರೂಪಿಸಿದ ಜೋನ್ ಪದ್ಧತಿಯ ಬೇರೂ ಇದೇ: ನೆರಳು ನೋಡಿ ಬೆಳಕು ಕೊಡು, ಬಿಳಿ ನೋಡಿ ತೊಳೆ. ಕಾಕಾ ಆಡಮ್ಸ್ ಹೆಸರು ಕೇಳಿದವರಲ್ಲ. ದಿನವೂ ಬಿಳಿ ಅಂಗಿಯ ಮದುಮಕ್ಕಳನ್ನು ಪ್ರಿಂಟು ಮಾಡುತ್ತ ಅವರಿಗೆ ಅದೇ ಗೊತ್ತಾಗಿತ್ತು.

13 ನಿಮಿಷದ ತುಂಡಿನಲ್ಲಿ ಟವೆಲು ಬರಿ ಬಿಳಿ. 11ರಲ್ಲಿ ಅಂಚಿನಲ್ಲಿ ಮಾತ್ರ ಎಳೆ. 9ರಲ್ಲಿ ನೇಯ್ಗೆ ಪೂರ್ತಿ ಇತ್ತು, ಹೊಳಪು ಸ್ವಲ್ಪ ಕುಂದಿತ್ತು. ನನ್ನ ಸಮಯ 10 ನಿಮಿಷ ಎಂದು ಗುರುತು ಹಾಕಿಕೊಂಡೆ. ಕಾಕಾ ತಮ್ಮ ಸ್ಟುಡಿಯೋದ ಎನ್‌ಲಾರ್ಜರ್‌ನಲ್ಲಿ, ಅದು ಬೆಳಕು ಚದುರಿಸುವ ಬಗೆಯದು, ಅದೇ ತುಂಡುಗಳನ್ನು ಇಟ್ಟು ತೋರಿಸಿದರು. ಅಲ್ಲಿ 11 ನಿಮಿಷದ್ದೇ ಚೆನ್ನಾಗಿ ಬಂತು. ಒಂದೇ ಫಿಲ್ಮು, ಒಂದೇ ಡೆವಲಪರು, ಎರಡು ಮನೆಗೆ ಎರಡು ಸಮಯ.

ಮುಂದಿನ ಒಂದು ವರ್ಷದ ಜಾತ್ರೆಗೆ ಮತ್ತೆ ಬನಶಂಕರಿಗೆ ಹೋದೆ. ಈ ಸಲ ಫಿಲ್ಮನ್ನು 400ರಲ್ಲೇ ಇಟ್ಟೆ. ಕ್ಯಾಮೆರಾವನ್ನು ಮುಖದ ಹತ್ತಿರ ಒಯ್ದು, ಬಲ್ಬಿಗೆ ಬೆನ್ನು ಮಾಡಿದ ಕೆನ್ನೆಯ ಬೆಳಕನ್ನು ಅಳೆದು, ಅದಕ್ಕೆ ತಕ್ಕಂತೆ ತೆಗೆದೆ. ಬಲ್ಬಿನ ಒರಟು ಬೆಳಕಿಗೆ ನನ್ನ 10 ನಿಮಿಷವೂ ಹೆಚ್ಚೆಂದು ಗೊತ್ತಿತ್ತು. 8 ನಿಮಿಷ ಕೊಟ್ಟೆ, ಕೈಯನ್ನು ಹಿಡಿತದಲ್ಲಿಟ್ಟು ಅಲುಗಿಸಿದೆ. ನೆಗೆಟಿವ್ ಮೇಲ್ನೋಟಕ್ಕೆ ಸಪ್ಪೆ ಎನಿಸಿತು, ಪ್ರಿಂಟಿನಲ್ಲಿ ಚರ್ಮದ ಮೇಲೆ ಕೂತ ಪುಡಿಯ ಕಣಗಳೂ ಬಂದವು. ಆ ಹಿರಿಯ ಕಲಾವಿದೆ ಆ ವರ್ಷ ಕಂಪನಿಯಲ್ಲಿ ಇರಲಿಲ್ಲ. ಮಗಳ ಊರಿಗೆ ಹೋಗಿ ಉಳಿದಿದ್ದಾರೆ, ಇನ್ನು ಬಣ್ಣ ಹಚ್ಚುವುದಿಲ್ಲವಂತೆ, ಎಂದರು. ಹಳೆಯ ನೆಗೆಟಿವ್‌ಗಳಲ್ಲಿ ರೆಡ್ಯೂಸರ್ ಮುಟ್ಟಿಸದೆ ಉಳಿದ ಒಂದನ್ನು ಹುಡುಕಿ, ಕಾಗದಕ್ಕೆ ಮೊದಲೇ ಚೂರು ಮಬ್ಬು ಬೆಳಕು ತೋರಿಸಿ, ಮುಖದ ಭಾಗಕ್ಕೆ ಸೊನ್ನೆ ಗ್ರೇಡಿನಲ್ಲಿ ಬಹಳ ಹೊತ್ತು ಬೆಳಕು ಕೊಟ್ಟು ಒಂದು ಪ್ರಿಂಟು ಮಾಡಿ ಆ ಊರಿಗೆ ಕಳಿಸಿದೆ. ಕಣ್ಣು, ಪೆನ್ಸಿಲು ಹಿಡಿದ ಬೆರಳು ಬಂದಿವೆ. ಕೆನ್ನೆ ಬಂದಿಲ್ಲ. ಅವರು ಕೇಳಿದ ಫೋಟೋ ಇದಲ್ಲ ಎಂದು ನನಗೆ ಗೊತ್ತು.

ಈಗ ಫಿಲ್ಮ್ ತೊಳೆಯುವ ಮೊದಲು ಎರಡು ಥರ್ಮಾಮೀಟರುಗಳನ್ನು ಒಂದೇ ಜಾರಿನಲ್ಲಿ ಇಡುತ್ತೇನೆ. ಡೆವಲಪರ್‌ನ ಹೊಸ ಪೊಟ್ಟಣ ಒಡೆದಾಗಲೆಲ್ಲ ಟವೆಲಿನ ಒಂದು ತುಂಡು ತೊಳೆದು ನೋಡುತ್ತೇನೆ. ಬಗೆಹರಿಯದೆ ಉಳಿದಿರುವುದು ಬೇಸಿಗೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಮೇಲಿನ ಟಾಕಿಯ ನೀರು ಮಧ್ಯಾಹ್ನ 30 ಡಿಗ್ರಿ ದಾಟುತ್ತದೆ. ಡೆವಲಪರನ್ನು ಮಂಜುಗಡ್ಡೆಯ ಬೋಗುಣಿಯಲ್ಲಿಟ್ಟು 20ಕ್ಕೆ ಇಳಿಸಬಹುದು, ಆದರೆ ಹೈಪೋ ಮತ್ತು ಕೊನೆಗೆ ತೊಳೆಯುವ ನೀರು ಬಿಸಿಯೇ ಇದ್ದರೆ ಜೆಲಟಿನ್ ಒಮ್ಮೆಲೇ ಉಬ್ಬಿ ಪದರ ಬಿರಿಯುವ ಭಯ. ಎಲ್ಲ ದ್ರಾವಣಗಳನ್ನೂ ಒಂದೇ ಉಷ್ಣತೆಯಲ್ಲಿ ಇಡುವುದೇ ಕ್ಷೇಮ. ಬೆಳಗಿನ ಜಾವ ಎದ್ದರೆ ನೀರು 26, 27ರ ಆಸುಪಾಸು ಸಿಗುತ್ತದೆ. ಅಲ್ಲಿ ನನ್ನ 10 ನಿಮಿಷ ಲೆಕ್ಕದಲ್ಲಿ ಐದಕ್ಕೆ ಇಳಿಯುತ್ತದೆ, ಐದಕ್ಕಿಂತ ಕಡಿಮೆಯಾದರೆ ಫಿಲ್ಮು ಪಟ್ಟೆಪಟ್ಟೆಯಾಗಿ ಬರುವ ಅಪಾಯವಿದೆ. ಆದ್ದರಿಂದ ಈ ಬೇಸಿಗೆಗೆ ಒಂದು ಪಾಲು ಡೆವಲಪರ್‌ಗೆ ಮೂರು ಪಾಲು ನೀರು ಬೆರೆಸಲು ಹೊರಟಿದ್ದೇನೆ. ಹಾಳೆಯ ಪ್ರಕಾರ ಅದಕ್ಕೆ 20 ಡಿಗ್ರಿಯಲ್ಲಿ 20 ನಿಮಿಷ, 27ಕ್ಕೆ ಲೆಕ್ಕ ಹಾಕಿದರೆ ಹತ್ತರ ಆಸುಪಾಸು. ನನ್ನ ಕೈಗೆ, ನನ್ನ ಎನ್‌ಲಾರ್ಜರ್‌ಗೆ ಅದು ಇನ್ನೂ ಕಡಿಮೆಯೇ ಇರಬೇಕು. ಮೂರು ತುಂಡು ತೊಳೆದ ಮೇಲೆ ಹೇಳುತ್ತೇನೆ.